ಒಂದು ಮೊಳದ ಪರಿಮಳ

ಸುಗಂಧದ್ರವ್ಯ ಕೊಳ್ಳಲು ಬಂದವರು ಇತ್ತೀಚೆಗೆ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಗಂಟೆ ಉಳಿಯುತ್ತದೆ?’ ಎಂಬುದು. ಪರಿಮಳ ಹೇಗಿದೆ ಎಂಬುದು ಆಮೇಲಿನ ಮಾತು. ಈ ಅಳತೆಗೋಲನ್ನು ಹಿಡಿದರೆ 1988ರಲ್ಲಿ ಬಂದ ಡೇವಿಡಾಫ್ ಸಂಸ್ಥೆಯ ‘ಕೂಲ್ ವಾಟರ್’ ಸೋಲುತ್ತದೆ. ಆ ಸೋಲೇ ಅದರ ದೊಡ್ಡ ಗುಣವೆಂದು ನಾವು ಭಾವಿಸುತ್ತೇವೆ.

ಇದನ್ನು ಸಂಯೋಜಿಸಿದವರು ಫ್ರಾನ್ಸಿನ ಪಿಯೆರ್ ಬೂರ್ದೋಂ. ಸಿಂಪಡಿಸಿದೊಡನೆ ಪುದೀನ, ಲ್ಯಾವೆಂಡರ್, ರೋಸ್‌ಮೇರಿಗಳ ತಂಪು ಮೂಗನ್ನು ತಾಕುತ್ತದೆ. ಸುಗಂಧ ಬಲ್ಲವರು ‘ಅರೋಮ್ಯಾಟಿಕ್’ ಎನ್ನುವುದು ಇಂಥ ಸೊಪ್ಪುಗಳ ವಾಸನೆಯನ್ನು. ನಮಗೆ ಪರಿಚಿತವಾದ ಹೋಲಿಕೆ ಬೇಕೆಂದರೆ ದವನ, ಮರುಗ, ಕಾಮಕಸ್ತೂರಿಗಳನ್ನು ನೆನೆಯಬಹುದು. ಹೂವಿನ ಸಿಹಿಯಲ್ಲ, ಎಲೆಯನ್ನು ಬೆರಳಲ್ಲಿ ಹೊಸಕಿದಾಗ ಏಳುವ ಹಸಿರು ಘಾಟು. (ನಮ್ಮಲ್ಲಿ ಅವು ಹೆಂಗಸರ ಮುಡಿಗೇರಿದವು, ಪಶ್ಚಿಮದಲ್ಲಿ ಅದೇ ಬಗೆಯ ಸೊಪ್ಪು ‘ಗಂಡಸರಿಗೆ’ ಎಂಬ ಚೀಟಿ ಹೊತ್ತು ಸೀಸೆ ಸೇರಿತು. ಮೂಗಿಗೆ ಈ ಭೇದ ತಿಳಿಯದು.) ಬಿಸಿಲಿನ ದಿನ ಈ ತಂಪು ಬೇಗ ಹಾರಿಹೋಗುತ್ತದೆ. ಕೊನೆಗೆ ಮೈಗೆ ಹತ್ತಿಕೊಂಡು ಉಳಿಯುವುದು ಶ್ರೀಗಂಧ, ಕಸ್ತೂರಿ, ತಂಬಾಕುಗಳ ಮಂದ ಛಾಯೆ.

‘ಇದು ಸೋಪಿನ ವಾಸನೆ’ ಎಂದು ಮೂಗು ಮುರಿಯುವವರಿದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಇದರ ಜೀವಾಳವಾದ ಡೈಹೈಡ್ರೋಮೈರ್ಸೆನಾಲ್ ಎಂಬ ರಾಸಾಯನಿಕ ಬಟ್ಟೆ ಒಗೆಯುವ ಪುಡಿಗಳಲ್ಲಿಯೂ ಬಳಕೆಯಾಗುತ್ತದೆ. ಆದರೆ ಮಿಂದು, ಒಗೆದ ಅಂಗಿ ತೊಟ್ಟು ಬಂದವರ ವಾಸನೆಗಿಂತ ಹೆಚ್ಚಿನದು ಕಚೇರಿಗೆ ಏಕೆ ಬೇಕು?

ಬೇಕೆಂದು ನಾವೂ ಒಮ್ಮೆ ನಂಬಿದ್ದೆವು. ಮುಂಬಯಿಯ ಒಂದು ಮೇ ತಿಂಗಳು, ಬೆಳಗಿನ ಕೂಲ್ ವಾಟರ್ ಲೋಕಲ್ ರೈಲಿನ ಬೆವರಿನಲ್ಲೇ ಕರಗಿಹೋಗುತ್ತದೆಂದು ಬೇಸತ್ತು, ಇಡೀ ದಿನ ನಿಲ್ಲುವಂಥ ಇನ್ನೊಂದನ್ನು ಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಅದೂ ನಮ್ಮ ಮೂಗಿಗೆ ಸಿಗದಾಯಿತು. ಮೇಜಿನ ಖಾನೆಯಿಂದ ಸೀಸೆ ತೆಗೆದು ಮತ್ತೆ ಸಿಂಪಡಿಸಿಕೊಂಡೆವು. ಹೀಗೆ ಒಂದು ವಾರ. ಪಕ್ಕದ ಮೇಜಿನ ಮಹಿಳೆ ದಿನಕ್ಕಿಷ್ಟು ಕುರ್ಚಿಯನ್ನು ಕಿಟಕಿಯತ್ತ ಸರಿಸುತ್ತಿದ್ದುದು ಕಂಡರೂ ಗಾಳಿಗಾಗಿ ಎಂದುಕೊಂಡೆವು. ಕೊನೆಗೆ ಅವರು, ‘ಸರ್, ತಪ್ಪು ತಿಳಿಯಬೇಡಿ, ನನಗೆ ಅರೆತಲೆನೋವಿದೆ’ ಎಂದರು.

ಅವರು ನಮಗಿಂತ ಕೆಳಗಿನ ಹುದ್ದೆಯವರು. ಅಷ್ಟು ಹೇಳಲು ಅವರಿಗೆ ಒಂದು ವಾರ ಹಿಡಿದಿತ್ತು.

ಒಂದೇ ವಾಸನೆ ಸತತವಾಗಿ ಬರುತ್ತಿದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಹಾಕಿಕೊಂಡವರಿಗೆ ಇಲ್ಲವಾದದ್ದು ಪಕ್ಕದವರಿಗೆ ಇದ್ದೇ ಇರುತ್ತದೆ. ರೈಲಿನಲ್ಲಿ, ಲಿಫ್ಟಿನಲ್ಲಿ, ಮೇಜುಗಳು ಒತ್ತೊತ್ತಾಗಿರುವ ಕಚೇರಿಯಲ್ಲಿ ಎದ್ದು ಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲ. ಹೂವನ್ನು ಮೊಳದಲ್ಲಿ ಅಳೆದು ಕೊಳ್ಳುವವರು ನಾವು. ಪರಿಮಳವೂ ಮೈಯಿಂದ ಒಂದು ಮೊಳ ದೂರ ಹೋದರೆ ಸಾಲದೇ?

ಈಗ ಮತ್ತೆ ಕೂಲ್ ವಾಟರ್‌ಗೇ ಮರಳಿದ್ದೇವೆ. ಸ್ನಾನವಾದ ಮೇಲೆ ಅಂಗಿಯೊಳಗೆ ಎದೆಗೊಂದು, ಕತ್ತಿನ ಹಿಂದೊಂದು ಸಿಂಪರಣೆ; ಖಾನೆಯಲ್ಲಿ ಸೀಸೆ ಇಡುವುದಿಲ್ಲ. ಸಂಜೆ ಅಂಗಿ ಕಳಚುವಾಗ ಕಾಲರಿನಲ್ಲಿ ತುಸು ಶ್ರೀಗಂಧ ಉಳಿದಿರುತ್ತದೆ, ಕೆಲವು ದಿನ ಅದೂ ಇಲ್ಲ. ಪಕ್ಕದ ಮೇಜಿನ ಕುರ್ಚಿ ಆ ವರ್ಷದ ಮಳೆಗಾಲದ ಹೊತ್ತಿಗೆ ತನ್ನ ಜಾಗಕ್ಕೆ ಬಂದಿತ್ತು.