ಕಂಪ್ಯೂಟರ್ ಹೇಳಿದ್ದೆಲ್ಲ ಸರಿಯೆ?

ಮಕ್ಕಳೇ, ಬ್ಯಾಂಕಿನ ಚೆಕ್ಕನ್ನು ನೀವು ನೋಡಿದ್ದೀರಾ? ಮನೆಯಲ್ಲಿ ಇದ್ದರೆ ದೊಡ್ಡವರನ್ನು ಕೇಳಿ ಒಮ್ಮೆ ನೋಡಿ. ಅದರ ಕೆಳ ಅಂಚಿನ ಬಿಳಿ ಪಟ್ಟಿಯಲ್ಲಿ ವಿಚಿತ್ರ ಆಕಾರದ ಅಂಕಿಗಳ ಒಂದು ಸಾಲು ಇರುತ್ತದೆ. ಮೊದಲು ಆರು ಅಂಕಿಗಳ ಚೆಕ್ ಸಂಖ್ಯೆ. ಅದರ ಪಕ್ಕದಲ್ಲಿ ಒಂಬತ್ತು ಅಂಕಿಗಳ ಇನ್ನೊಂದು ಸಂಖ್ಯೆ. ಮೈಸೂರು ನಗರದ ಶಾಖೆಯ ಚೆಕ್ ಆದರೆ ಈ ಒಂಬತ್ತರಲ್ಲಿ ಮೊದಲ ಮೂರು ಅಂಕಿ 570. ಮೈಸೂರಿನ ಪಿನ್‌ಕೋಡ್ ಕೂಡ 570ರಿಂದಲೇ ಶುರುವಾಗುತ್ತದಲ್ಲವೆ? ಮೊದಲ ಮೂರು ಊರನ್ನು, ನಡುವಿನ ಮೂರು ಬ್ಯಾಂಕನ್ನು, ಕೊನೆಯ ಮೂರು ಶಾಖೆಯನ್ನು ಹೇಳುತ್ತವೆ.

ಈ ಅಂಕಿಗಳನ್ನು ಹೀಗೆ ಬರೆದದ್ದು ನಮಗಾಗಿ ಅಲ್ಲ, ಯಂತ್ರಕ್ಕಾಗಿ. ಅದರ ಶಾಯಿಯಲ್ಲಿ ಕಬ್ಬಿಣದ ಆಕ್ಸೈಡ್ ಬೆರೆತಿದೆ. ಯಂತ್ರವು ಮೊದಲು ಶಾಯಿಯನ್ನು ಕಾಂತೀಯಗೊಳಿಸುತ್ತದೆ, ನಂತರ ಪ್ರತಿ ಅಂಕಿಯ ಕಾಂತೀಯ ಗುರುತನ್ನು ಓದುತ್ತದೆ. ಅಂಕಿಯ ಮೇಲೆ ಯಾರಾದರೂ ಮಾಮೂಲಿ ಪೆನ್ನಿನಿಂದ ಗೀಚಿದ್ದರೂ ಅದಕ್ಕೆ ತೊಂದರೆಯಿಲ್ಲ! ಬ್ಯಾಂಕಿಗೆ ಕಂಪ್ಯೂಟರ್ ಬಂದ ಕಥೆ ಈ ಶಾಯಿಯೊಂದಿಗೆ ಬೆಸೆದುಕೊಂಡಿದೆ. ಆ ಕಥೆಯಿಂದ ನಾವು ವೇಗದ ಪಾಠವನ್ನು ಮಾತ್ರ ಕಲಿತಿದ್ದೇವೆ, ಅದಕ್ಕಿಂತ ದೊಡ್ಡ ಪಾಠವೊಂದನ್ನು ಮರೆಯುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಲೆಡ್ಜರಿನ ದಿನಗಳು

ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ 1913ರಲ್ಲಿ ಮೈಸೂರು ಸಂಸ್ಥಾನದಲ್ಲಿ 'ಬ್ಯಾಂಕ್ ಆಫ್ ಮೈಸೂರ್' ಹುಟ್ಟಿತು. 1960ರಲ್ಲಿ ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಅಂಗಸಂಸ್ಥೆಯಾಯಿತು, 'ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್' ಎಂದು ಹೆಸರಾಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲೇ ವಿಲೀನವಾಯಿತು. ಅದರ ಆಯುಷ್ಯದ ಬಹುಪಾಲು ಕಳೆದದ್ದು ಕೈಬರಹದ ಲೆಡ್ಜರುಗಳ ಜೊತೆಯಲ್ಲಿ.

ಲೆಡ್ಜರ್ ಎಂದರೆ ದಪ್ಪ ರಟ್ಟಿನ ಭಾರೀ ಪುಸ್ತಕ. ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು ಪುಟ. ದೇವರಾಜ ಮಾರುಕಟ್ಟೆಯ ಹೂವಿನ ವ್ಯಾಪಾರಿ ನೂರು ರೂಪಾಯಿ ಕಟ್ಟಿದರೆ ಗುಮಾಸ್ತರು ಆ ಪುಟ ತೆರೆದು ಬರೆಯಬೇಕು, ಕೂಡಬೇಕು. ಮೇಲಿನ ಅಧಿಕಾರಿ ಅದನ್ನು ನೋಡಿ ಚಿಕ್ಕ ರುಜು ಹಾಕಬೇಕು. ಸಂಜೆ ಎಲ್ಲವನ್ನೂ ಕೂಡಿ ತಾಳೆ ನೋಡಬೇಕು. ತಾಳೆಯಾಗದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕಬೇಕು.

ಇಷ್ಟು ಕಷ್ಟದ ಕೆಲಸದಲ್ಲಿ ದಿನದಿನದ ಬಡ್ಡಿ ಲೆಕ್ಕ ಹಾಕಲು ಸಾಧ್ಯವೆ? ಇಲ್ಲ. ಅದಕ್ಕಾಗಿ ಉಳಿತಾಯ ಖಾತೆಗೆ ಒಂದು ಸುಲಭ ನಿಯಮವಿತ್ತು. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಹಣ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. 15ನೇ ತಾರೀಖು ಸಾವಿರ ರೂಪಾಯಿ ಕಟ್ಟಿದರೆ ಆ ಸಾವಿರಕ್ಕೆ ಆ ತಿಂಗಳು ಬಡ್ಡಿಯೇ ಇಲ್ಲ! 2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ಈ ನಿಯಮ ಬದಲಿಸಿತು. ಈಗ ಪ್ರತಿ ದಿನದ ಶಿಲ್ಕಿಗೂ ಬಡ್ಡಿ ಲೆಕ್ಕವಾಗುತ್ತದೆ. ಕಂಪ್ಯೂಟರ್ ಇಲ್ಲದೆ ಇದು ಆಗುತ್ತಿರಲಿಲ್ಲ. ಆದ್ದರಿಂದ ಕಂಪ್ಯೂಟರ್ ಬಂದದ್ದು ಒಳ್ಳೆಯದೆ ಕೆಟ್ಟದ್ದೆ ಎಂದು ಕೇಳಿದರೆ, ಒಳ್ಳೆಯದು ಎಂದೇ ನಾನು ಹೇಳುತ್ತೇನೆ.

ಕೋಣೆ ತುಂಬುವ ಯಂತ್ರಗಳು

ವ್ಯಾಪಾರದ ಲೆಕ್ಕಕ್ಕೆ ಕಂಪ್ಯೂಟರನ್ನು ದಿನನಿತ್ಯ ದುಡಿಸಿದವರಲ್ಲಿ ಮೊದಲಿಗರು ಯಾರು ಗೊತ್ತೆ? ಇಂಗ್ಲೆಂಡಿನ ಒಂದು ಚಹಾ ಅಂಗಡಿಗಳ ಕಂಪನಿ! ಜೆ. ಲಯನ್ಸ್ ಎಂಬ ಆ ಕಂಪನಿ 'ಲಿಯೊ' ಎಂಬ ಕಂಪ್ಯೂಟರನ್ನು ತಾನೇ ಕಟ್ಟಿಸಿ, 1951ರಲ್ಲಿ ತನ್ನ ಬೇಕರಿಯ ಲೆಕ್ಕಕ್ಕೆ ಹಚ್ಚಿತು. ಅದರಲ್ಲಿ ಸುಮಾರು 6,000 ವಾಲ್ವುಗಳಿದ್ದವು.

ಅಮೆರಿಕದ 'ಬ್ಯಾಂಕ್ ಆಫ್ ಅಮೆರಿಕ' ಚೆಕ್ಕುಗಳ ರಾಶಿಯಲ್ಲಿ ಮುಳುಗಿಹೋಗಿತ್ತು. ಅದಕ್ಕಾಗಿ ವಿಜ್ಞಾನಿಗಳು 'ಅರ್ಮಾ' ಎಂಬ ಯಂತ್ರವನ್ನು ರೂಪಿಸಿ 1955ರಲ್ಲಿ ತೋರಿಸಿದರು. ಅಲ್ಲಿಯವರೆಗೆ ಆ ಬ್ಯಾಂಕು ಖಾತೆಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಜೋಡಿಸಿಡುತ್ತಿತ್ತು. ಯಂತ್ರಕ್ಕೆ ಹೆಸರಿಗಿಂತ ಅಂಕಿ ಸುಲಭ. ಹೀಗಾಗಿ ಪ್ರತಿ ಗ್ರಾಹಕರಿಗೂ ಒಂದು ಖಾತೆ ಸಂಖ್ಯೆ ಬಂತು. ಚೆಕ್ಕಿನ ಮೇಲೆ ಕಾಂತೀಯ ಶಾಯಿಯೂ ಬಂತು. ನಮ್ಮ ದೇಶದಲ್ಲಿ ಈ ಶಾಯಿಯ ಚೆಕ್ಕುಗಳು 1980ರ ದಶಕದಲ್ಲಿ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಮೊದಲು ಬಂದವು.

1959ರಲ್ಲಿ ಐಬಿಎಂ ಕಂಪನಿ '1401' ಎಂಬ ಕಂಪ್ಯೂಟರನ್ನು ಹೊರತಂದಿತು. ಕಚೇರಿ, ಕಾರ್ಖಾನೆ, ಬ್ಯಾಂಕುಗಳಲ್ಲಿ ಇಂಥವು ಹತ್ತು ಸಾವಿರಕ್ಕೂ ಹೆಚ್ಚು ದುಡಿದವು. ಕೋಣೆ ತುಂಬುವ ಈ ಯಂತ್ರದ ನೆನಪಿನ ಸಾಮರ್ಥ್ಯ ಹೆಚ್ಚೆಂದರೆ 16,000 ಅಕ್ಷರ. ಅಂದರೆ ನಿಮ್ಮ ಪಠ್ಯಪುಸ್ತಕದ ಸುಮಾರು ಹತ್ತು ಪುಟಗಳಷ್ಟು ಮಾತ್ರ!

ಎರಡು ಸಲ ಒತ್ತು, ಮೂರು ಸಲ ನೋಡು

ಆ ಯಂತ್ರಗಳಿಗೆ ಲೆಕ್ಕ ಕೊಡುತ್ತಿದ್ದುದು ಹೇಗೆ? ಪಂಚ್ ಕಾರ್ಡಿನ ಮೂಲಕ. ಅದು ಗಟ್ಟಿ ಕಾಗದದ ಕಾರ್ಡು. ಅದರಲ್ಲಿ 80 ಕಂಬಸಾಲುಗಳು. ಯಾವ ಸಾಲಿನಲ್ಲಿ ಎಲ್ಲಿ ತೂತು ಬಿದ್ದಿದೆ ಎಂಬುದರಿಂದ ಅಂಕಿ ಯಾವುದೆಂದು ಯಂತ್ರ ತಿಳಿಯುತ್ತಿತ್ತು.

ಇಲ್ಲಿ ನೀವು ಗಮನಿಸಬೇಕಾದ ಸಂಗತಿ ಇದೆ. ಒಬ್ಬರು ಓಚರ್ ನೋಡಿ ಕಾರ್ಡಿಗೆ ತೂತು ಹಾಕುತ್ತಿದ್ದರು. ಅಲ್ಲಿಗೇ ಮುಗಿಯುತ್ತಿರಲಿಲ್ಲ. ಅದೇ ಓಚರ್ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಅವರು ಪರಿಶೀಲನಾ ಯಂತ್ರದಲ್ಲಿ ಅದೇ ಅಂಕಿಗಳನ್ನು ಮತ್ತೆ ಒತ್ತುತ್ತಿದ್ದರು. ಎರಡೂ ಹೊಂದದಿದ್ದರೆ ಯಂತ್ರ ಮುಂದೆ ಹೋಗದೆ ತಡೆಯುತ್ತಿತ್ತು. ಎಲ್ಲವೂ ಸರಿಯಿದ್ದ ಕಾರ್ಡಿನ ಅಂಚಿಗೆ ಒಂದು ಕಚ್ಚು ಬೀಳುತ್ತಿತ್ತು. ಕಚ್ಚು ಇದ್ದರೆ ಅದು ಪರೀಕ್ಷೆ ಪಾಸಾದ ಕಾರ್ಡು!

ಇಷ್ಟೇ ಅಲ್ಲ. ಒಂದು ಕಟ್ಟು ಓಚರುಗಳ ಮೊತ್ತವನ್ನು ಮೊದಲೇ ಬೇರೆಯಾಗಿ ಕೂಡಿ ಬರೆದಿಡುತ್ತಿದ್ದರು. ಕಂಪ್ಯೂಟರ್ ಕೊಟ್ಟ ಮೊತ್ತ ಅದಕ್ಕೆ ತಾಳೆಯಾಗಬೇಕಿತ್ತು. ಖಾತೆ ಸಂಖ್ಯೆಗಳನ್ನೂ ಹೀಗೇ ಕೂಡುವ ಪದ್ಧತಿ ಇತ್ತು. ಖಾತೆ ಸಂಖ್ಯೆಗಳನ್ನು ಕೂಡಿದರೆ ಏನು ಅರ್ಥ ಎನ್ನುತ್ತೀರಾ? ಆ ಮೊತ್ತಕ್ಕೆ ಅರ್ಥವಿಲ್ಲ, ಆದರೆ ಉಪಯೋಗವಿದೆ. ಒಂದು ಅಂಕಿ ತಪ್ಪಿದರೂ ಮೊತ್ತ ಬದಲಾಗಿ ಗುಟ್ಟು ರಟ್ಟಾಗುತ್ತದೆ.

ಇನ್ನೊಂದು ಉಪಾಯ 'ಕಾವಲು ಅಂಕಿ'. ಐಬಿಎಂನ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಇದಕ್ಕೊಂದು ಪೇಟೆಂಟ್ ಕೇಳಿದರು. 472 ಎಂಬ ಸಂಖ್ಯೆ ತೆಗೆದುಕೊಳ್ಳಿ. ಬಲತುದಿಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಿ. 2 ಎಂಬುದು 4 ಆಯಿತು, 7 ಹಾಗೇ ಇರಲಿ, 4 ಎಂಬುದು 8 ಆಯಿತು. ಕೂಡಿದರೆ 19. ಮುಂದಿನ ಹತ್ತರ ಮಗ್ಗಿಗೆ, ಅಂದರೆ 20ಕ್ಕೆ, ಇನ್ನು 1 ಬೇಕು. ಅದೇ ಕಾವಲು ಅಂಕಿ. ಸಂಖ್ಯೆ 4721 ಆಯಿತು. ಯಾರೋ ಅವಸರದಲ್ಲಿ 7421 ಎಂದು ಬರೆದರು ಎನ್ನೋಣ. ಕೊನೆಯ 1 ಬಿಟ್ಟು 742ಕ್ಕೆ ಅದೇ ಲೆಕ್ಕ ಹಾಕಿ. 2 ಎಂಬುದು 4, 4 ಹಾಗೇ, 7 ಎಂಬುದು 14. ಒಂಬತ್ತು ಮೀರಿದರೆ ಅದರಿಂದ 9 ಕಳೆಯಬೇಕು, ಆದ್ದರಿಂದ 5. ಒಟ್ಟು 13, ಕಾವಲು ಅಂಕಿ 7 ಇರಬೇಕಿತ್ತು. ಇರುವುದು 1. ತಪ್ಪು ಸಿಕ್ಕಿಬಿತ್ತು! ಇಂದಿಗೂ ಎಟಿಎಂ ಕಾರ್ಡುಗಳ ಸಂಖ್ಯೆಗೆ ಇದೇ ಕಾವಲು ಇದೆ.

ಹೆದರಿದವರು ದಡ್ಡರೆ?

ನಮ್ಮ ದೇಶದ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವಾಗ ನೌಕರರ ಸಂಘಗಳು ವಿರೋಧಿಸಿದವು. ತಮ್ಮ ಕೆಲಸ ಹೋಗುತ್ತದೆ ಎಂಬ ಭಯ ಅವರದು. 1983ರಲ್ಲಿ ಸಂಘಗಳಿಗೂ ಬ್ಯಾಂಕುಗಳಿಗೂ ಒಂದು ಒಪ್ಪಂದವಾಯಿತು. 1984ರಲ್ಲಿ ಸಿ. ರಂಗರಾಜನ್ ಅವರ ಸಮಿತಿ ಬ್ಯಾಂಕುಗಳ ಯಾಂತ್ರೀಕರಣಕ್ಕೆ ದಾರಿ ತೋರಿಸಿತು. ಮೊದಲು ಶಾಖೆಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ಬಂದವು, ಆಮೇಲೆ ಕಂಪ್ಯೂಟರುಗಳು. ಈಗ ಶಾಖೆಯ ಮೇಜಿನ ಮೇಲಿನ ಕಂಪ್ಯೂಟರ್ ಬರೀ ಕಿಟಕಿ ಇದ್ದಂತೆ. ಲೆಕ್ಕವೆಲ್ಲ ದೂರದ ದತ್ತಾಂಶ ಕೇಂದ್ರದಲ್ಲಿ ಇರುತ್ತದೆ.

ವಿರೋಧಿಸಿದವರನ್ನು ಈಗ ಕೆಲವರು ನಗೆಯಾಡುತ್ತಾರೆ. ನಾನು ಹಾಗೆ ಮಾಡಲಾರೆ. ಲೆಡ್ಜರ್ ಬರೆಯುವ ಕೆಲಸ ನಿಜವಾಗಿಯೂ ಹೋಯಿತು. ಅದರ ಜೊತೆಗೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವ ಅಭ್ಯಾಸವೂ ಸಡಿಲವಾಯಿತು.

ತಾಳೆಯಾದರೂ ತಪ್ಪು

'ಈಗಿನ ಕಂಪ್ಯೂಟರ್ ಎಲ್ಲವನ್ನೂ ತಾನೇ ಪರೀಕ್ಷಿಸುತ್ತದೆ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು?' ಎಂದು ನೀವು ಕೇಳಬಹುದು. ಒಂದು ಉದಾಹರಣೆ ನೋಡಿ. ಒಂದೇ ಹೆಸರಿನ ಇಬ್ಬರು ಅಜ್ಜಿಯರು ಇದ್ದಾರೆ ಎನ್ನೋಣ. ಒಬ್ಬ ಅಜ್ಜಿಯ ಪಿಂಚಣಿ ಇನ್ನೊಬ್ಬ ಅಜ್ಜಿಯ ಖಾತೆಗೆ ಜಮೆಯಾಯಿತು. ಆ ಖಾತೆ ಸಂಖ್ಯೆ ಸರಿಯಾದದ್ದೇ, ಕಾವಲು ಅಂಕಿ ಕೂಗುವುದಿಲ್ಲ. ಹಣದ ಮೊತ್ತ ಬದಲಾಗಿಲ್ಲ, ತಾಳೆಯೂ ಸರಿಹೋಗುತ್ತದೆ. ಪಟ್ಟಿಯಲ್ಲೇ ತಪ್ಪು ಸಂಖ್ಯೆ ಇದ್ದರೆ ಇಬ್ಬರು ಎರಡು ಸಲ ಒತ್ತಿದರೂ ಅದೇ ತಪ್ಪು. ಯಂತ್ರದ ಕಣ್ಣಿಗೆ ಎಲ್ಲವೂ ಸರಿ. ಅಜ್ಜಿಗೆ ಮಾತ್ರ ಆ ತಿಂಗಳ ಔಷಧಿಗೆ ದುಡ್ಡಿಲ್ಲ.

ಈ ತಪ್ಪನ್ನು ಹಿಡಿಯಬಲ್ಲವರು ಯಾರು? ಪಾಸ್‌ಬುಕ್ ಓದುವ ಅಜ್ಜಿ, ಅಥವಾ ಅಜ್ಜಿಗೆ ಓದಿ ಹೇಳುವ ನೀವು.

ಅಜ್ಜಿಯ ಪಿಂಚಣಿ, ಅಪ್ಪನ ಕೂಲಿ, ನಿಮ್ಮ ವಿದ್ಯಾರ್ಥಿವೇತನ, ಇವೆಲ್ಲ ಈಗ ಬ್ಯಾಂಕ್ ಖಾತೆಗೇ ಬರುತ್ತವೆ. ಬಾರದಿದ್ದಾಗ ವಿಚಾರಿಸಿದರೆ 'ಕಂಪ್ಯೂಟರಿನಲ್ಲಿ ಹಾಗೇ ತೋರಿಸುತ್ತಿದೆ' ಎಂಬ ಉತ್ತರ ಬರುವುದುಂಟು. ಅದು ಉತ್ತರವಲ್ಲ. ಕಂಪ್ಯೂಟರ್ ತಾನಾಗಿ ಏನನ್ನೂ ಹೇಳುವುದಿಲ್ಲ, ಯಾರೋ ಕೊಟ್ಟದ್ದನ್ನು ಹೇಳುತ್ತದೆ. ಆಗ ವಿನಯದಿಂದಲೇ ಕೇಳಬೇಕು: 'ಸಾರ್, ಇದನ್ನು ಯಾವ ಕಾಗದ ನೋಡಿ ನಮೂದಿಸಿದರು? ದಯವಿಟ್ಟು ಇನ್ನೊಮ್ಮೆ ತಾಳೆ ನೋಡುತ್ತೀರಾ?' ಹೀಗೆ ಕೇಳುವುದು ಸೊಕ್ಕಲ್ಲ. ಪಂಚ್ ಕಾರ್ಡಿನ ಕಾಲದಲ್ಲಿ ಇದು ದಿನದ ಕೆಲಸವಾಗಿತ್ತು.

ನೀವೂ ಮಾಡಿ

ಈ ಅಭ್ಯಾಸವನ್ನು ಶಾಲೆಯಲ್ಲೇ ಬೆಳೆಸಬೇಕು ಎಂಬುದು ನನ್ನ ಸಲಹೆ. ನಿಮ್ಮ ತರಗತಿಯ ಎಲ್ಲರ ಹುಟ್ಟಿದ ದಿನಾಂಕಗಳ ಪಟ್ಟಿ ಮಾಡಿ. ಇಬ್ಬರು ಬೇರೆ ಬೇರೆ ಕುಳಿತು ಅದನ್ನು ನಕಲು ಮಾಡಲಿ. ಮೂರನೆಯವರು ಎರಡನ್ನೂ ಹೋಲಿಸಲಿ. ಎಷ್ಟು ಕಡೆ ವ್ಯತ್ಯಾಸ ಬಂತು ಎಂದು ಎಣಿಸಿ. ಅವುಗಳಲ್ಲಿ ಎಷ್ಟು ತಪ್ಪುಗಳನ್ನು ಬರೀ ಮೊತ್ತ ಕೂಡಿ ಹಿಡಿಯಬಹುದಿತ್ತು ಎಂದೂ ನೋಡಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದಿರುವ ದಿನಾಂಕವನ್ನು ತಾವೇ ಓದಲಿ. ಮೂಲ ಪಟ್ಟಿಯ ತಪ್ಪು ಸಿಗುವುದು ಅಲ್ಲೇ.

ಮನೆಗೆ ಹೋದಾಗ ಪಾಸ್‌ಬುಕ್ ತೆಗೆದು ಹಿರಿಯರ ಜೊತೆ ಕುಳಿತು ಸಾಲು ಸಾಲಾಗಿ ಓದಿ. ಜಮೆ ಎಷ್ಟು, ಖರ್ಚು ಎಷ್ಟು, ಶಿಲ್ಕು ಎಷ್ಟು ಎಂದು ನೀವೇ ಕೂಡಿ ಕಳೆಯಿರಿ. ಖಾತೆಯ ವಿವರ, ಎಟಿಎಂ ಕಾರ್ಡಿನ ಗುಪ್ತ ಸಂಖ್ಯೆ ಹೊರಗಿನವರಿಗೆ ಹೇಳಬೇಡಿ. ನಿಮ್ಮ ಲೆಕ್ಕ ಬ್ಯಾಂಕಿನ ಲೆಕ್ಕಕ್ಕೆ ತಾಳೆಯಾದರೆ ಸಂತೋಷ. ತಾಳೆಯಾಗದಿದ್ದರೆ ಮೊದಲು ನಿಮ್ಮ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಆಗಲೂ ಆಗದಿದ್ದರೆ ಹಿರಿಯರೊಡನೆ ಬ್ಯಾಂಕಿಗೆ ಹೋಗಿ ಕೇಳಿ.