ಕುಡಿದು ಓಡಿಸೋನಿಗೂ ಅದೇ ಪ್ರೀಮಿಯಂ!



ನಸುಕಿನಲ್ಲೇ ಪೊರಕೆ ಹಿಡಿದು ಮೈಸೂರಿನ ರಸ್ತೆಗಿಳಿಯೋ ನಮ್ಮ ಪೌರಕಾರ್ಮಿಕ ತಾಯಂದಿರ ಬೆನ್ನ ಹಿಂದೆ ಕಾರುಗಳು ಹೇಗೆ ನುಗ್ಗುತ್ತವೆ, ನೋಡಿದ್ದೀರಾ?

ಆ ಕಾರಿನವನು ಎರಡು ಸಲ ಕುಡಿದು ಸಿಕ್ಕಿಬಿದ್ದಿದ್ದರೂ ಅವನ ಥರ್ಡ್ ಪಾರ್ಟಿ ವಿಮೆ ಒಂದು ರೂಪಾಯಿಯೂ ಏರಲ್ಲ. ದರ ನಿಂತಿರೋದು ಎಂಜಿನ್ ಸಿಸಿ ಮೇಲೆ. ಕೇಂದ್ರ 2022ರಲ್ಲಿ ನಿಗದಿ ಮಾಡಿದಂತೆ 1000ದಿಂದ 1500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ನಿಯತ್ತಾಗಿ ಓಡಿಸೋನಿಗೂ ಅಷ್ಟೇ, ಸಿಗ್ನಲ್ ಹಾರಿಸೋನಿಗೂ ಅಷ್ಟೇ.

ನಿಯಮ ಮುರಿದರೆ ಅಂಕ ಹಾಕಿ, ಅದರ ಮೇಲೆ ಪ್ರೀಮಿಯಂ ಏರಿಸಿ ಅಂತ ವಿಮಾ ಪ್ರಾಧಿಕಾರದ ಸಮಿತಿಯೇ 2021ರಲ್ಲಿ ಹೇಳಿತ್ತು. ಕುಡಿದು ಓಡಿಸಿದರೆ 100, ತಪ್ಪು ಪಾರ್ಕಿಂಗಿಗೆ 10. ನಮ್ಮ ರಾಜ್ಯ ಮಾಡಿದ್ದೇನು? 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ! ಗುದ್ದಿ ಓಡಿಹೋದರೆ ಸತ್ತವರ ಮನೆಗೆ ಸಿಗೋದು 2 ಲಕ್ಷ.

ಹೊರೆ ವಾಹನದ ಮಾಲೀಕನ ಮೇಲೆ ಅಂದಿತ್ತು ಆ ಸಮಿತಿ. ಅದೇ ಸರಿ. ಇಲ್ಲಾಂದ್ರೆ ಧಣಿಯ ಅವಸರಕ್ಕೆ ಡ್ರೈವರ್ ಹುಡುಗನ ಸಂಬಳಕ್ಕೆ ಕತ್ತರಿ. ನಿಲ್ಲಿಸೋಕೆ ಜಾಗವೇ ಇಲ್ಲದ ಆಟೋದವನಿಗೆ ಆ 10 ಅಂಕ ಬೇಡ. ಕುಡಿದು ಓಡಿಸೋನಿಗೆ 100 ಕಮ್ಮೀನೇ ಅಂತೀನಿ ನಾನು.