ದೊಡ್ಡ ಟ್ರ್ಯಾಕ್ಟರ್ ಯಾವುದು?

ನಮ್ಮೂರ ಹೋಟ್ಲು ಬೆಂಚಿನ ಮೇಲೆ ಒಂದು ವಾದ ಮುಗಿಯೋದೇ ಇಲ್ಲ. ಟ್ರ್ಯಾಕ್ಟರ್‌ಗಳಲ್ಲಿ ದೊಡ್ಡದು ಯಾವುದು? ಒಬ್ಬ ಮ್ಯಾಸ್ಸಿ ಅಂತಾನೆ, ಇನ್ನೊಬ್ಬ ಸ್ವರಾಜ್ ಅಂತಾನೆ, ಮತ್ತೊಬ್ಬ ಮಹೀಂದ್ರ ಅಂತಾನೆ. ಎಷ್ಟು ಎಚ್‌ಪಿ, ಗಂಟೆಗೆ ಎಷ್ಟು ಡೀಸೆಲ್, ಎಷ್ಟು ಟನ್ ಕಬ್ಬು ಎಳೀತದೆ ಅಂತ ಮೇಜು ಕುಟ್ಟಿ ಮಾತಾಡ್ತಾರೆ. ವಾದ ಮಾಡೋರು ಬೆಂಚಿನ ಮೇಲೆ. ಆ ಟ್ರ್ಯಾಕ್ಟರನ್ನ ಬೆಳಗಿಂದ ಬೈಗಿನವರೆಗೆ ಓಡಿಸಿದೋನು ಹೊರಗೆ ನಿಂತು ಪ್ಲಾಸ್ಟಿಕ್ ಲೋಟದಲ್ಲಿ ಟೀ ಕುಡೀತಾ ಇರ್ತಾನೆ. ಅವನನ್ನ ಮಾತ್ರ ಯಾರೂ ಕೇಳಲ್ಲ.

ನಾನು ಕೇಳಿದೆ. ಯಾಕಂದ್ರೆ ಅವನು ನನ್ನ ಚಿಕ್ಕಪ್ಪ. ಇಪ್ಪತ್ತು ವರ್ಷದಿಂದ ಬೇರೆಯವರ ಟ್ರ್ಯಾಕ್ಟರ್ ಓಡಿಸಿದ್ದಾನೆ. ಆಯುಧಪೂಜೆ ದಿನ ಅದನ್ನ ತೊಳೆಯೋನು ಅವನೇ. ತೊಳೆದಾದ ಮೇಲೆ ಕುಂಕುಮ, ನಿಂಬೆಹಣ್ಣು, ಹೂವಿನ ಹಾರ. ಆಗ ದೂರ ನಿಲ್ಲೋನೂ ಅವನೇ. ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: "ನೇಗಿಲು ಬಂಡೆಗೆ ಸಿಕ್ಕಾಗ ಮೂತಿ ಎತ್ತಿ ಹಿಂದಕ್ಕೆ ಬೀಳಬಾರ್ದು ಕಣ್ ಮಗಾ. ಅದೇ ಒಳ್ಳೇ ಗಾಡಿ."

ಬೆಂಚಿನ ಪಂಡಿತರಿಗೆ ಹೊಳೆಯದ ಮಾತು ಇದು. ಟ್ರ್ಯಾಕ್ಟರಿನ ಚರಿತ್ರೆಯನ್ನೇ ಈ ಒಂದು ಮಾತಿನಿಂದ ಬರೀಬಹುದು.

1917ರಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡ್‌ನ ಫೋರ್ಡ್‌ಸನ್ ಬಂತು. ಅಗ್ಗದ ಗಾಡಿ, ಲಕ್ಷಗಟ್ಟಲೆ ಮಾರಿತು. ನೇಗಿಲನ್ನ ಹಿಂದೆ ಕಟ್ಟಿ ಎಳೀಬೇಕು. ನೇಗಿಲು ಕಲ್ಲಿಗೆ ಸಿಕ್ಕಿದರೆ ಮುಂದಿನ ಚಕ್ರ ಮೇಲೆದ್ದು, ಇಡೀ ಗಾಡಿ ಹಿಂದಕ್ಕೆ ಮಗುಚಿ, ಓಡಿಸೋನು ಅಡಿಯಲ್ಲಿ. ಹೀಗೆ ಎಷ್ಟೋ ಜನ ಸತ್ತರು. ಐರ್ಲೆಂಡಿನ ಒಬ್ಬ ರೈತನ ಮಗ, ಹ್ಯಾರಿ ಫರ್ಗುಸನ್, ಇದರ ಹಿಂದೆ ಬಿದ್ದ. ನೇಗಿಲನ್ನ ಸರಪಳಿಯಿಂದ ಎಳೆಯೋದು ಬೇಡ, ಕೆಳಗೆ ಎರಡು, ಮೇಲೆ ಒಂದು, ಮೂರು ಕಡೆ ಹಿಡಿದು ಗಾಡಿಯ ಮೈಗೇ ಸೇರಿಸೋಣ ಅಂದ. 1926ರಲ್ಲಿ ಪೇಟೆಂಟ್ ಪಡೆದ. ಈಗ ನೇಗಿಲಿಗೆ ಮಣ್ಣು ಎಷ್ಟು ಎದುರಾಗುತ್ತೋ ಅಷ್ಟೂ ಮೇಲಿನ ಕೊಂಡಿ ಮುಂದಕ್ಕೆ ನೂಕಿ ಮುಂದಿನ ಚಕ್ರವನ್ನ ನೆಲಕ್ಕೆ ಒತ್ತುತ್ತದೆ. ಕಲ್ಲು ಸಿಕ್ಕಿದರೆ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ಗಾಡಿ ನಿಲ್ಲುತ್ತೆ, ಮನುಷ್ಯ ಉಳೀತಾನೆ. 1939ರಲ್ಲಿ ಫೋರ್ಡ್ ಜೊತೆ ಸೇರಿ ಈ ಗಾಡಿ ತಂದ. 1946ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಮಾಡಿದ ಬೂದು ಬಣ್ಣದ ಪುಟ್ಟ ಫರ್ಗುಸನ್ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಮೂವತ್ತು ಎಚ್‌ಪಿಯೂ ಇಲ್ಲದ ಗಾಡಿ! ಇವತ್ತು ನಮ್ಮೂರ ಯಾವ ಟ್ರ್ಯಾಕ್ಟರಿನ ಹಿಂದೆ ನೋಡಿದರೂ ಆ ಮೂರು ಕೊಂಡಿ ಇವೆ.

ಇದನ್ನ ಯಾಕೆ ಹೇಳಿದೆ? ದೊಡ್ಡತನ ಬಲದಲ್ಲಿಲ್ಲ. ಓಡಿಸೋನ ಎದೆ ಉಳಿಸೋದರಲ್ಲಿದೆ.

ಇದೇ ಅಳತೆಗೋಲು ಹಿಡಿದು ನಮ್ಮ ಊರು ನೋಡಿ. ಗಾಡಿ ಮಗುಚಿದರೂ ಡ್ರೈವರ್ ಜಜ್ಜಿಹೋಗದ ಹಾಗೆ ಮೇಲೆ ಕಬ್ಬಿಣದ ಚೌಕಟ್ಟು ಇರಲೇಬೇಕು ಅಂತ ಸ್ವೀಡನ್ ದೇಶ 1959ರಲ್ಲೇ ಕಾನೂನು ಮಾಡಿತು. ನಮ್ಮಲ್ಲಿ? ಬಣ್ಣದ ಟಾಪು ಇದೆ, ಕಿವಿ ಹರಿಯೋ ಸ್ಪೀಕರ್ ಇದೆ, ಮುಂದೆ ಜಾತಿ ಹೆಸರು ಬರೆದ ಸ್ಟಿಕ್ಕರ್ ಇದೆ. ಚೌಕಟ್ಟು ಮಾತ್ರ ಇಲ್ಲ. ಹಿಂದೆ ತಿರುಗೋ ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದ್ರೆ ಒಂದು ಸೆಕೆಂಡಿಗೆ ಒಂಬತ್ತು. ಸೆರಗು ಸಿಕ್ಕಿದರೆ ಕೂಗೋಕೂ ಹೊತ್ತಿಲ್ಲ. ಅದಕ್ಕೊಂದು ಮುಚ್ಚಳ ಬರುತ್ತೆ. ಕಿತ್ತು ಮೂಲೆಗೆ ಎಸೆದಿರ್ತಾರೆ. ಟ್ರೇಲರ್ ಇರೋದು ಗೊಬ್ಬರ, ಕಬ್ಬು, ಇಟ್ಟಿಗೆ ಸಾಗಿಸೋಕೆ. ಅದರಲ್ಲಿ ನಮ್ಮ ಹೆಣ್ಣುಮಕ್ಕಳನ್ನ ನಾಟಿಗೆ ತುಂಬ್ಕೊಂಡು ಹೋಗ್ತಾರೆ. ಮಗುಚಿದ ಮಾರನೇ ದಿನ ಪತ್ರಿಕೆಯಲ್ಲಿ "ಕೂಲಿ ಕಾರ್ಮಿಕರು" ಅಂತ ಬರುತ್ತೆ. ಯಾವ ಕೇರಿಯವರು ಅಂತ ಬರೆಯಲ್ಲ. ಬರೆಯೋದು ಬೇಕಾಗಿಲ್ಲ, ನಮಗೆ ಗೊತ್ತು.

ಇಲ್ಲಿ ನಮ್ಮ ಕವಿಮಿತ್ರರ ಹತ್ತಿರ ಎರಡು ಮಾತಿದೆ. ಟ್ರ್ಯಾಕ್ಟರ್ ಬಂದು ಹಳ್ಳಿಯ ಸೊಗಸು ಹಾಳಾಯ್ತು, ಎತ್ತಿನ ಕೊರಳ ಗಂಟೆ ನಿಂತುಹೋಯ್ತು ಅಂತ ಅಳ್ತೀರಲ್ಲ ಸ್ವಾಮಿ, ಆ ಎತ್ತುಗಳ ಹಿಂದೆ ಮೇಣಿ ಹಿಡಿದಿದ್ದೋನು ಯಾರು? ನಮ್ಮಜ್ಜ. ನೂರು ರೂಪಾಯಿ ಸಾಲಕ್ಕೆ ಜೀತಕ್ಕಿದ್ದೋನು. ನಿಮ್ಮ ಕವಿತೆಯಲ್ಲಿ ಗಂಟೆ ಕೇಳಿಸ್ತದೆ, ಅವನ ಕೆಮ್ಮು ಕೇಳಿಸಲ್ಲ. ಎತ್ತು ಸತ್ತರೆ ಹೊತ್ತುಕೊಂಡು ಹೋಗೋಕೆ ನಮ್ಮ ಕೇರಿಗೆ ಹೇಳಿಕಳಿಸ್ತಿದ್ರು. ಹೊತ್ತದ್ದಕ್ಕೇ ನಮ್ಮನ್ನ ಹೊಲಸು ಅಂತಿದ್ರು. ಟ್ರ್ಯಾಕ್ಟರ್ ಸತ್ತರೆ ಗುಜರಿಯೋನು ತೂಕ ಹಾಕಿ ದುಡ್ಡು ಕೊಟ್ಟು ಎತ್ತಿಕೊಂಡು ಹೋಗ್ತಾನೆ. ಯಾರಿಗೂ ಮೈಲಿಗೆ ಇಲ್ಲ. ಇದು ಸಣ್ಣ ಮಾತಲ್ಲ. ನಾನು ಎತ್ತಿನ ಕಾಲಕ್ಕೆ ವಾಪಸ್ ಹೋಗೋನಲ್ಲ.

ಇನ್ನು ಕೆಲವು ಸಂಗಾತಿಗಳು ಟ್ರ್ಯಾಕ್ಟರ್ ನಮ್ಮ ಕೂಲಿ ಕಿತ್ಕೊಂಡಿತು, ಅದು ಶತ್ರು ಅಂತಾರೆ. ಕೂಲಿ ಹೋದದ್ದು ನಿಜ. ಹತ್ತು ಜನ ಹತ್ತು ದಿನ ಮಾಡ್ತಿದ್ದ ಉಳುಮೆ ಒಂದು ರೋಟವೇಟರ್ ಅರ್ಧ ದಿನದಲ್ಲಿ ಮುಗಿಸ್ತದೆ. ಆದರೆ ಕಬ್ಬಿಣಕ್ಕೆ ಜಾತಿ ಇಲ್ಲ. ಅದರ ಆರ್.ಸಿ. ಪುಸ್ತಕಕ್ಕೆ ಇದೆ. ಉಳಿದ ಒಂಬತ್ತೂವರೆ ದಿನ ಯಾರ ಪಾಲಾಯ್ತು? ಅದೇ ಪ್ರಶ್ನೆ.

ಪ್ರಪಂಚದಲ್ಲೇ ಅತಿ ಹೆಚ್ಚು ಟ್ರ್ಯಾಕ್ಟರ್ ಮಾಡೋ ದೇಶ ನಮ್ಮದು. ಅದೇ ದೇಶದ 2015-16ರ ಕೃಷಿ ಗಣತಿ ನೋಡಿ. ನೂರು ಹಿಡುವಳಿಗಳಲ್ಲಿ 86 ಎರಡು ಹೆಕ್ಟೇರಿನ ಒಳಗಿನವು. ಜನಸಂಖ್ಯೆಯಲ್ಲಿ ನೂರಕ್ಕೆ 16ಕ್ಕೂ ಹೆಚ್ಚು ಇರೋ ಪರಿಶಿಷ್ಟ ಜಾತಿಯವರ ಕೈಯಲ್ಲಿರೋ ಸಾಗುವಳಿ ಭೂಮಿ ನೂರಕ್ಕೆ ಸುಮಾರು 9. ನಮ್ಮಪ್ಪ ಸಾಲ ಕೇಳೋಕೆ ಹೋದಾಗ ಮೇಜಿನ ಹಿಂದಿನೋರು ಕಣ್ಣೆತ್ತದೆ ಕೇಳಿದ್ದು ಒಂದೇ: "ಎಷ್ಟು ಎಕರೆ?" ಒಂದೂಕಾಲು ಅಂದಾಗ ನಕ್ಕರು. ಆ ನಗು ನನ್ನ ಬಿ.ಎ. ಪದವಿಗಿಂತ ಹೆಚ್ಚು ಪಾಠ ಹೇಳಿಕೊಟ್ಟಿತು.

ಆ ನಗುವಿಗೆ ಬಾಬಾಸಾಹೇಬರು 1918ರಲ್ಲೇ ಉತ್ತರ ಕೊಟ್ಟಿದ್ದರು. ಭಾರತದ ಸಣ್ಣ ಹಿಡುವಳಿಗಳ ಮೇಲೆ ಬರೆದ ಪ್ರಬಂಧದಲ್ಲಿ, ಭೂಮಿ ಸಣ್ಣದೋ ದೊಡ್ಡದೋ ಅನ್ನೋದನ್ನ ಎಕರೆ ಲೆಕ್ಕದಲ್ಲಿ ಮಾತ್ರ ಹೇಳೋಕಾಗಲ್ಲ, ಅದರ ಜೊತೆ ಸಲಕರಣೆ, ಬಂಡವಾಳ, ದುಡಿಮೆ ಎಷ್ಟಿದೆ ನೋಡಬೇಕು ಅಂದರು. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಇನ್ನೂ ಮುಂದೆ ಹೋದರು. ಕೃಷಿ ಸರ್ಕಾರಿ ಉದ್ಯಮ ಆಗಬೇಕು, ಜಾತಿ ಭೇದ ಇಲ್ಲದೆ ಊರಿನವರು ಸಾಮೂಹಿಕವಾಗಿ ಉಳಬೇಕು, ನೀರು, ಉಳುವ ದನ, ಸಲಕರಣೆ, ಗೊಬ್ಬರ, ಬೀಜ ಸರ್ಕಾರ ಒದಗಿಸಬೇಕು ಅಂದರು. ಅವರ ಫೋಟೋಗೆ ಹಾರ ಹಾಕೋರು ಈ ಪುಟ ಮಾತ್ರ ತೆರೆಯಲ್ಲ.

ಸರ್ಕಾರಕ್ಕೆ ಟ್ರ್ಯಾಕ್ಟರ್ ಮಾಡೋಕೆ ಬರ್ತಿರಲಿಲ್ಲವೆ? ಬರ್ತಿತ್ತು. ದುರ್ಗಾಪುರದ ಸರ್ಕಾರಿ ಸಂಶೋಧನಾಲಯದ ನಕ್ಷೆಯಿಂದಲೇ 1974ರಲ್ಲಿ ಪಂಜಾಬಿನಲ್ಲಿ ಸ್ವರಾಜ್ ಹುಟ್ಟಿತು. ವಾಚು ಮಾಡ್ತಿದ್ದ ಎಚ್.ಎಂ.ಟಿ. 1971ರಿಂದ ಪಿಂಜೋರಿನಲ್ಲಿ ಟ್ರ್ಯಾಕ್ಟರನ್ನೂ ಮಾಡಿತು. ಮುಂದೇನಾಯ್ತು? ಸ್ವರಾಜ್ 2007ರಲ್ಲಿ ಖಾಸಗಿ ಕಂಪನಿಗೆ ಹೋಯಿತು. ಎಚ್.ಎಂ.ಟಿ. ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚೋಕೆ 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ನಮ್ಮ ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ಕಿತ್ತು, ದುಡ್ಡಿರೋ ಯಾರು ಬೇಕಾದರೂ ಹೊಲ ಕೊಳ್ಳಬಹುದು ಅಂದರು. ಗಾಡಿಯೂ ಅವರದು, ನೆಲವೂ ಅವರದು. ಸ್ಟೇರಿಂಗು ಮಾತ್ರ ನಮ್ಮದು.

ಬೇರೆ ದಾರಿ ಇಲ್ಲವೆ? ಇದೆ. ಟ್ರ್ಯಾಕ್ಟರಿಗೆ ಹೆಸರಾದ ಪಂಜಾಬಿನಲ್ಲೇ ಇದೆ. ಅಲ್ಲಿ ದಲಿತರು ನೂರಕ್ಕೆ 32ರ ಹತ್ತಿರ, ಭೂಮಿ ಇಲ್ಲವೆನ್ನುವಷ್ಟು ಕಡಿಮೆ. ಪಂಚಾಯ್ತಿ ಸಾಗುವಳಿ ಭೂಮಿಯಲ್ಲಿ ಮೂರರಲ್ಲೊಂದು ಪಾಲು ಅವರಿಗೆ ಗುತ್ತಿಗೆ ಕೊಡಬೇಕು ಅಂತ ಕಾನೂನಿದೆ. ಜಮೀನ್ದಾರರು ದಲಿತರ ಹೆಸರಲ್ಲಿ ತಾವೇ ಹರಾಜು ಕೂಗಿ ನುಂಗ್ತಿದ್ರು. 2014ರಲ್ಲಿ ಹುಟ್ಟಿದ ಜಮೀನ್ ಪ್ರಾಪ್ತಿ ಸಂಘರ್ಷ ಸಮಿತಿಯವರು ಲಾಠಿ ತಿಂದು, ಜೈಲಿಗೆ ಹೋಗಿ, ಸಂಗ್ರೂರಿನ ಊರೂರಲ್ಲಿ ಆ ಪಾಲು ಹಿಡಿದು ಒಟ್ಟಾಗಿ ಉತ್ತರು. ಆ ಹೊಲಗಳ ಟ್ರ್ಯಾಕ್ಟರಿಗೆ ಎಷ್ಟು ಎಚ್‌ಪಿ ಅಂತ ನಾನು ಕೇಳಲ್ಲ. ಅದು ದೊಡ್ಡ ಟ್ರ್ಯಾಕ್ಟರ್.

ನಮ್ಮಲ್ಲೂ ಬಾಡಿಗೆ ಯಂತ್ರಕ್ಕೆ ಸರ್ಕಾರ 2014-15ರಿಂದ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಅಂತ ಕೇಂದ್ರ ತೆರೆಯಿತು. ಒಳ್ಳೇದೆ. ಆದರೆ ಮಳೆ ಬಿದ್ದ ಮೊದಲ ವಾರ ಆ ಗಾಡಿ ಯಾರ ಹೊಲದಲ್ಲಿರುತ್ತೆ? ಹದ ಹೋದ ಮೇಲೆ ಯಾರ ಹೊಲಕ್ಕೆ ಬರುತ್ತೆ? ಹೋಗಿ ನೋಡಿ, ಸರದಿ ಪುಸ್ತಕ ತೆಗೆಸಿ ಓದಿ. ಓದು ಕಲಿತದ್ದು ಇದಕ್ಕೇ.

ಗೆಳೆಯರೇ, ಕೇಳಬೇಕಾದ್ದು ಇಷ್ಟು. ಪ್ರತಿ ಗಾಡಿಗೂ ಚೌಕಟ್ಟು, ಶಾಫ್ಟಿಗೆ ಮುಚ್ಚಳ. ಟ್ರೇಲರಿನಲ್ಲಿ ಹೆಣ್ಣಾಳು ತುಂಬೋದು ನಿಲ್ಲಲಿ. ಬಾಡಿಗೆ ಯಂತ್ರದ ಸರದಿ ಒಂದೂಕಾಲು ಎಕರೆಯವನಿಂದ ಶುರುವಾಗಲಿ. ಮೊದಲು ಭೂಮಿ, ಅದರ ಹಿಂದೆಯೇ ಸಂಘದ ಹೆಸರಲ್ಲಿ ಟ್ರ್ಯಾಕ್ಟರ್.

ಆವತ್ತು ಆಯುಧಪೂಜೆ ಬೇಕಾಗಿಲ್ಲ. ಚಿಕ್ಕಪ್ಪ ಬೆಂಚಿನ ಮೇಲೆ ಕೂತು, ಗಾಜಿನ ಲೋಟದಲ್ಲಿ ಟೀ ಕುಡಿದು, ಯಾವ ಗಾಡಿ ದೊಡ್ಡದು ಅಂತ ಹೇಳ್ತಾನೆ. ಊರು ಕೇಳಬೇಕು.